ಹಾಡಿನೊಳಗಿನ ತಂಗಿ ಯಾರು?

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ನಾಗಪ್ಪನವರ ಮನೆಯಲ್ಲಿ ಆ ಚಳಿಗಾಲ ದಿನಾ ಒಂದೆರಡು ರೊಟ್ಟಿ ಸೀದುಹೋಗತೊಡಗಿದ್ದಕ್ಕೆ ಕಾರಣ ಗುತ್ತಲದ ಹಾಡುಗಾರ ಶಮಶೇರಸಾಬರು. ಅವರು ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು ಅನ್ನುವುದು ಬೇರೆ ಮಾತು.

ಆ ಮನೆಯ ಸೊಸೆ ನಿರ್ಮಲಾಳ ತವರು ಗುತ್ತಲ. ಶಮಶೇರಸಾಬರದು ಹತ್ತಿ ಹಿಂಜಿ ಗಾದಿ ಹೊಲಿಯುವ ಕಸುಬು. ಹತ್ತಿ ಹಿಂಜುವ ದೊಡ್ಡ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಅಂತ ಊರೂರು ಅಲೆಯುತ್ತಿದ್ದರು. ಹಿಂಜುವಾಗ ಆ ಬಿಲ್ಲಿನ ತಂತಿ ಡಂಯ್ ಡಂಯ್ ಅನ್ನುವ ತಾಳಕ್ಕೆ ಹಾಡುತ್ತಿದ್ದರು. ಮೊಹರಂ ಬಂದರೆ ರಿವಾಯತ ಪದ, ಉಳಿದ ದಿನ ಬಡವರ ದುಃಖದ ಪದ. ಒಂದು ಕಾಲಕ್ಕೆ ಅವರ ಕ್ಯಾಸೆಟ್ಟು ಹಾಕದ ಚಹಾದಂಗಡಿ ಈ ಭಾಗದಲ್ಲಿ ಇರಲಿಲ್ಲ. ನಿರ್ಮಲಾ ಸಣ್ಣಾಕೆ ಇದ್ದಾಗ ಅವರ ಮನೆಯ ಕಟ್ಟೆಯ ಮೇಲೆ ಕೂತು ಆ ಹಾಡು ಕೇಳುತ್ತ ಬೆಳೆದವಳು.

ದಸರೆ ಮುಗಿದ ಮೇಲೆ, ದಿನಾ ಹಾವೇರಿಗೆ ಹೋಗಿ ಬಂದು ಡಿಗ್ರಿ ಓದುತ್ತಿದ್ದ ಮಗಳು ಶ್ರೀದೇವಿ ಅವಳಿಗೊಂದು ವಾಟ್ಸ್ಆ್ಯಪ್ ಗುಂಪು ಮಾಡಿಕೊಟ್ಟಳು. 'ದಿನಕ್ಕೊಂದು ಶಮಶೇರಸಾಬ' ಅಂತ ಹೆಸರು. ಬೆಳಿಗ್ಗೆ ಅವರ ಬದುಕಿನ ಬಗ್ಗೆ, ಹಾಡಿನ ಬಗ್ಗೆ ಒಂದು ಪ್ರಶ್ನೆ, ಸಂಜೆಗೆ ಉತ್ತರ. ಬೇಕಾದ ವಿಷಯವನ್ನೆಲ್ಲ ಗುತ್ತಲದಿಂದ ಶಮಶೇರಸಾಬರ ಮಗಳು ಕುಲ್ಸುಮಬಿ ಫೋನಿನಲ್ಲಿ ಹೇಳುತ್ತಿದ್ದಳು. ಹಾಡುವ ಮೊದಲು ಅವರು ಏನು ಬಾಯಿಗೆ ಹಾಕಿಕೊಳ್ಳುತ್ತಿದ್ದರು? ಬಲಗೈಯ ಕಿರುಬೆರಳು ಯಾಕೆ ಡೊಂಕಾಗಿತ್ತು? ಐರಣಿಯ ಹೊಳೆ ದಾಟುವಾಗ ಕಟ್ಟಿದ ಪದ ಯಾವುದು? ಮೊದಮೊದಲು ಗುತ್ತಲದ ನಾಲ್ಕು ಮಂದಿ ಉತ್ತರ ಬರೆಯುತ್ತಿದ್ದರು. ಸಂಕ್ರಾಂತಿ ಬರುವ ಹೊತ್ತಿಗೆ ಬಸ್ ಕಂಡಕ್ಟರು, ಮಾಸ್ತರು, ಹಮಾಲರು, ದಾವಣಗೆರೆಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಎಲ್ಲರೂ ಸೇರಿಕೊಂಡು ಗುಂಪು ಜೇನುಗೂಡಿನಂತೆ ಗುಂಯ್ ಅನ್ನತೊಡಗಿತು.

"ಬೆಲ್ಲ ಅಲ್ಲ, ಹಸಿ ಶುಂಠಿ! ನಾ ಹೇಳಿದ್ದೆ ನೋಡ್ರಿ!" ಅಂತ ನಿರ್ಮಲಾ ಫೋನು ಹಿಡಿದು ಅಡುಗೆಮನೆಯಲ್ಲೇ ಚಪ್ಪಾಳೆ ಹೊಡೆದಳು.

"ಹಂಚಿನ ಮ್ಯಾಗ ಏನೈತಿ ಅದನ್ನೊಂದಿಷ್ಟ ನೋಡವಾ" ಅಂದರು ಅತ್ತೆ ಮುತ್ತವ್ವ. ಬಾಗಿಲ ಹತ್ತಿರ ಕೂತು ಅವರು ಪುಂಡಿಪಲ್ಯ ಸೋಸುತ್ತಿದ್ದರು. "ಇವತ್ತಿನ ಪ್ರಶ್ನಿ ನಾ ಕೇಳಲಿ? ಈ ಮನ್ಯಾಗ ಸೀಯದ ರೊಟ್ಟಿ ಯಾವಾಗ ಸಿಗತಾವ?"

ನಿರ್ಮಲಾಳ ಗಂಡ ಶಶಿಕಾಂತನಿಗೆ ನಗೆ ಬರಲಿಲ್ಲ. ಅದು ಮೆಣಸಿನಕಾಯಿ ಸುಗ್ಗಿ. ಅಂಗಡಿಯ ಅಂಗಳದಲ್ಲಿ ಕೂಲಿ ಹೆಣ್ಣುಮಕ್ಕಳು ದಿನವಿಡೀ ಕೂತು ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುತ್ತಿದ್ದರು. ಮಾರುಕಟ್ಟೆಗೆ ಬಂದ ಲಾರಿಗಳು ರಸ್ತೆಯುದ್ದಕ್ಕೂ ನಿಂತಿರುತ್ತಿದ್ದವು, ಊರೆಲ್ಲ ಘಾಟು, ದಾರಿಯಲ್ಲಿ ಹೋಗುವವರೆಲ್ಲ ಸೀನುತ್ತಿದ್ದರು. "ನಿನ್ನೆ ಟೆಂಡರ್ ಬರಿಯೂ ಹೊತ್ತಿನ್ಯಾಗ ಒಬ್ಬಾಂವ ಬಂದು, ನೀವು ನಿರ್ಮಲಕ್ಕನ ಯಜಮಾನ್ರೇನ್ರಿ ಅಂದ. ಇಡೀ ಮಾರ್ಕೆಟ್ಟಿನ್ಯಾಗ ನನಗೊಂದು ಹೆಸರಿಲ್ಲೇನ?"

"ನಿಮಗೂ ಉತ್ತರ ಗೊತ್ತಿದ್ರ ಬರೀರಿ. ನಿಮ್ಮ ಹೆಸರೂ ಹಾಕತೇನಿ" ಅಂದಳು ನಿರ್ಮಲಾ.

"ನಂದೇನ ಕೆಲಸ ಇಲ್ಲೇನ? ಕಾಯಿ ತುಂಬು ಬಿಡಸಾಕ ಬರೂ ಹೆಣ್ಮಕ್ಕಳೂ ನಿನ್ನ ಗುಂಪಿನ್ಯಾಗ ಅದಾರ. ದಿನಾ ಆ ಹಾಡು ಈ ಹಾಡು ಅಂತ ಗಲಾಟಿ. ಬಾಯಿ ನಡದ್ರ ಕೈ ನಿಲ್ಲತಾವ. ಇನ್ನ ಮುಂದ ಅಂಗಳದಾಗ ಹಾಡೂದು ಬಂದ್ ಅಂತ ಹೇಳೇನಿ."

ಪುಂಡಿಪಲ್ಯ ಸೋಸುತ್ತಿದ್ದ ಮುತ್ತವ್ವನ ಕೈ ನಿಂತಿತು. ಮಗನ ಮುಖವನ್ನು ಒಂದು ಸಲ ನೋಡಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತರು. ಅತ್ತೆಗೆ ಬೆನ್ನುನೋವು ಮತ್ತೆ ಶುರುವಾಯಿತೇನೋ ಅಂದುಕೊಂಡಳು ನಿರ್ಮಲಾ.

ಮರುವಾರ ಒಂದು ದಿನ ನಿರ್ಮಲಾ, ಶಮಶೇರಸಾಬರ ಎಲ್ಲಕ್ಕಿಂತ ಹೆಸರಾದ ಹಾಡಿನ ಮೇಲೆ ಪ್ರಶ್ನೆ ಹಾಕಿದಳು. ಆ ಹಾಡಿನ ಮೊದಲ ನುಡಿ ಬ್ಯಾಡಗಿಯಲ್ಲಿ ಮಕ್ಕಳಿಗೂ ಗೊತ್ತು.

ಕೆಂಪಾನ ರಾಶ್ಯಾಗ ಕುಂತೇನ ನನ ತಂಗಿ
ಕೈಯಾನ ಉರಿ ಯಾರಿಗೆ ಹೇಳಲೆ
ಉರಿಯೂವ ಕೈಲಿಂದ ಕಣ್ಣೀರ ಒರಸಿದರ
ಅತ್ತದ್ದು ಯಾತಕಂತ ಹೆಂಗ ತಿಳಿಯಲೆ

'ಈ ಹಾಡಿನೊಳಗಿನ ತಂಗಿ ಯಾರು?' ಅನ್ನುವುದು ಪ್ರಶ್ನೆ. ಮಧ್ಯಾಹ್ನದ ಹೊತ್ತಿಗೆ ಉತ್ತರಗಳು ರಾಶಿ ಬಿದ್ದವು. ಸಂಜೆ ನಿರ್ಮಲಾ ಚಹಾಕ್ಕೆ ಇಟ್ಟು, ತನ್ನ ಉತ್ತರವನ್ನು ಗಟ್ಟಿಯಾಗಿ ಓದುತ್ತ ಬರೆದಳು: "ಶಮಶೇರಸಾಬರಿಗೆ ಒಬ್ಬ ತಂಗಿ ಇದ್ದಳು. ಸಣ್ಣ ವಯಸ್ಸಿನಲ್ಲೇ ತೀರಿಕೊಂಡಳು. ಅವಳನ್ನು ನೆನೆದು..."

"ಸುಳ್ಳ" ಅಂದರು ಮುತ್ತವ್ವ.

"ಏನ್ರಿ ಅತ್ತಿ?"

"ಸುಳ್ಳ ಅಂದೆ. ಆ ತಂಗಿ ಗುಡ್ಡವ್ವ. ನಮ್ಮ ಮೋಟೆಬೆನ್ನೂರಾಕಿ. ರಾಶಿಗೆ ನನ್ನ ಬಾಜೂಕನ ಕುಂದರತಿದ್ಲು."

"ನಿಮ್ಮ ಬಾಜೂಕ? ನೀವು ಯಾವ ರಾಶಿಗೆ ಕುಂದರತಿದ್ರಿ?"

ಮುತ್ತವ್ವ ಚಹಾಕ್ಕೆ ಹಿಡಿದಿದ್ದ ಖಾಲಿ ಕಪ್ಪು ಕೆಳಗಿಟ್ಟರು. ಅವರ ಕಿವಿ ಕೆಂಪಾಗಿದ್ದವು. "ಅಪ್ಪ ಹೋದ ಮ್ಯಾಲೆ ಅವ್ವ ನಾನು ದಿನಾ ಬ್ಯಾಡಗಿಗೆ ನಡಕೊಂಡು ಬರತಿದ್ವಿ. ಕಾಯಿ ತುಂಬು ಬಿಡಸಾಕ. ಬ್ಯಾಸರ ಕಳೀಲಿಕ್ಕೆ ಹಾಡ ಕಟ್ಟತಿದ್ದೆ. ಅದೂ ಹಂಗ ಕಟ್ಟಿದ್ದು. ಆ ಸಾವಕಾರ್ರ ಮನ್ಯಾಗ ಲಗ್ನದ ಗಾದಿ ಹೊಲ್ಯಾಕ ಶಮಶೇರಸಾಬ ಬಂದಿದ್ರು. ಇನ್ನೊಮ್ಮೆ ಹಾಡ ಮಗಳ ಅಂದ್ರು. ಹಾಡಿದೆ. ಮುಂದ ಎಷ್ಟೋ ವರ್ಷದ ಮ್ಯಾಲೆ ಚಹಾದಂಗಡ್ಯಾಗ ಕೇಳಿ ಅಲ್ಲೇ ನಿಂತಬಿಟ್ಟೆ."

ಚಹಾ ಉಕ್ಕಿ ಗ್ಯಾಸಿನ ಮೇಲೆ ಹರಿಯಿತು. ನಿರ್ಮಲಾ ಅದನ್ನು ನೋಡಲೂ ಇಲ್ಲ. ಮದುವೆಯಾಗಿ ಬಂದ ದಿನದಿಂದ ಉಪ್ಪು ಹೆಚ್ಚಾಯಿತು, ನೀರು ಚೆಲ್ಲಿತು ಅನ್ನುವ ಮಾತು ಬಿಟ್ಟರೆ ಈ ಅತ್ತೆಯ ಬಾಯಲ್ಲಿ ಅವಳು ಬೇರೇನೂ ಕೇಳಿರಲಿಲ್ಲ. "ನೀವು ಕಟ್ಟಿದ್ದ? ಖರೇನ? ಇಷ್ಟ ದಿನ ಯಾಕ ಹೇಳಲಿಲ್ರಿ?"

"ಲಗ್ನ ಆಗಿ ಬಂದ ಹೊಸದಾಗ ನಮ್ಮತ್ತಿ ಹೇಳಿದ್ಲು, ತುಂಬು ಬಿಡಿಸಿದ್ದು ಯಾರ ಮುಂದೂ ಅನಬ್ಯಾಡ ಅಂತ. ಅನಲಿಲ್ಲ. ಇವರು ಅಂಗಡಿ ಹಾಕಿದ ಮ್ಯಾಲಂತೂ ಅನ್ನಂಗ ಇರಲಿಲ್ಲ. ಶಶಿಗೂ ಗೊತ್ತಿಲ್ಲ."

ಊಟಕ್ಕೆ ಕೂತಾಗ ಶಶಿಗೆ ಗೊತ್ತಾಯಿತು. ಹೇಳಿದವಳು ಶ್ರೀದೇವಿ. ಅಡುಗೆಮನೆಯಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಅವಳಿಗೆ ಹೊಟ್ಟೆಯೊಳಗೆ ಹಿಡಿಸಲಿಲ್ಲ. "ಅಪ್ಪಾಜಿ, ನಮ್ಮ ಅಜ್ಜಿ ಹಾಡುಗಾರ್ತಿ!"

ಶಶಿಕಾಂತನ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಬಿತ್ತು. "ಯವ್ವಾ, ನೀ ಕೂಲಿಗೆ ಹೋಗತಿದ್ದಿ?"

"ಹೋಗತಿದ್ದೆ. ಏನೀಗ?"

"ಮೋಟೆಬೆನ್ನೂರಾಗ ಹೊಲ ಮನಿ ಇದ್ದ ಮಂದಿ ಅಂತ ನಾ ಎಲ್ಲಾರ ಮುಂದ ಹೇಳಿಕೋತ ಬಂದೇನಿ!"

"ಹೊಲ ಇತ್ತು. ಹೊಟ್ಟಿಗೆ ಸಾಲತಿರಲಿಲ್ಲ."

ನಾಗಪ್ಪ ಅಲ್ಲಿಯವರೆಗೆ ಮಜ್ಜಿಗೆ ಅನ್ನ ಕಲಸುತ್ತಿದ್ದರು. ಈಗ ತಲೆ ಎತ್ತಿದರು. "ಆಗಿದ್ದು ಆಗಿ ಹೋತು. ಈಗ ಅದನ್ನ ಫೋನಿನ್ಯಾಗ ಹಾಕಿ ಊರಿಗೆಲ್ಲಾ ಡಂಗುರ ಹೊಡೀಬೇಕೇನ? ನಿರ್ಮಲಾ, ಆ ಗುಂಪು ಬಂದ್ ಮಾಡವಾ."

"ಮಾವಾರ, ಅತ್ತಿ ಹಾಡಿಗೆ ಇನ್ನೊಬ್ಬರ ಹೆಸರೈತಿ. ಸುಳ್ಳ ಹೇಳಿಕೋತ ಹೆಂಗ ಕುಂದರಲಿ?"

"ಇಷ್ಟ ದಿನ ಕುಂತಿದ್ದಿಲ್ಲ? ಹಂಗ ಕುಂದರು!"

ಯಾರೂ ಪೂರ್ತಿ ಉಣ್ಣಲಿಲ್ಲ. ಮುತ್ತವ್ವ ಮಾತ್ರ ತಮ್ಮ ತಟ್ಟೆಯನ್ನು ಸ್ವಚ್ಛ ಮಾಡಿ ಎದ್ದರು.

ಎರಡು ದಿನ ಗುಂಪಿನಲ್ಲಿ ಪ್ರಶ್ನೆ ಬರಲಿಲ್ಲ. 'ಅಕ್ಕಾರ ಆರಾಮಿಲ್ಲೇನ್ರಿ' ಅಂತ ಮಂದಿ ಬರೆದರು. ಮೂರನೆಯ ದಿನ ಮುತ್ತವ್ವ ಇಳಕಲ್ ಸೀರೆ ಉಟ್ಟು ಅಡುಗೆಮನೆಗೆ ಬಂದು ನಿಂತರು. "ಗುತ್ತಲದ ಬಸ್ ಎಲ್ಲಿ ನಿಲ್ಲತೈತಿ? ಹಾವೇರಿಗೆ ಹೋಗಿ ಹತ್ತಬೇಕಲ್ಲ?"

"ಎದಕ್ರಿ ಅತ್ತಿ?"

"ಆ ಮನುಷ್ಯಾನ ಮಗಳ ಮುಂದ ಹೇಳತೇನಿ. ಆಕಿ ನಂಬಿದ್ರ ಸಾಕು. ನಂಬಲಿಲ್ಲಂದ್ರ ನಿನ್ನ ಉತ್ತರನ ಖರೇ ಅಂತ ಬಿಟ್ಟಬಿಡೂಣು."

ನಿರ್ಮಲಾ ಅನ್ನಕ್ಕಿಟ್ಟ ಕುಕ್ಕರನ್ನು ಹಾಗೇ ಇಳಿಸಿದಳು. ತವರಿಗೆ ಹೋಗಿ ಬರುತ್ತೇವೆ ಅಂತ ಮಾವನಿಗೆ ಹೇಳಿ ಅತ್ತೆ ಸೊಸೆ ಇಬ್ಬರೂ ಹೊರಟರು. ಹಾವೇರಿಯಲ್ಲಿ ಬಸ್ಸು ಬದಲಿಸಿದರು. ಕಿಟಕಿಯ ಪಕ್ಕ ಕೂತ ಮುತ್ತವ್ವ ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಲೇ ಇದ್ದರು. ಮುಂದಿನ ಸೀಟಿನವಳು ತಿರುಗಿ ನೋಡಿದಾಗ, "ಪರೀಕ್ಷೆಗೆ ಹೊಂಟೇನವಾ" ಅಂದು ನಕ್ಕರು. ಅತ್ತೆ ಹಾಗೆ ನಕ್ಕಿದ್ದನ್ನು ನಿರ್ಮಲಾ ಮೊದಲ ಸಲ ನೋಡಿದಳು.

ಕುಲ್ಸುಮಬಿ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಿದ್ದಳು. ಅವಳಿಗೂ ಅರವತ್ತು ಸಮೀಪಿಸಿತ್ತು. ನಿರ್ಮಲಾಳನ್ನು ಕಂಡು ಅರಳಿದ ಮುಖ, ವಿಷಯ ಕೇಳುತ್ತ ಕೇಳುತ್ತ ಮುದುಡಿತು.

"ನಿರ್ಮಲಾ, ನಿನ್ನ ನನ್ನ ಮಗಳಂಗ ತಿಳದು ಎಲ್ಲಾ ಹೇಳಿದೆ. ನಮ್ಮ ಅಬ್ಬಾ ಹೋದ ಮ್ಯಾಲೆ ಉಳದದ್ದು ಅವರ ಹಾಡ ಅಷ್ಟ. ಅದನ್ನೂ ಕಸಗೊಳ್ಳಾಕ ಅತ್ತೀನ್ನ ಕರಕೊಂಡು ಬಂದಿ?"

"ಕಸಗೊಳ್ಳಾಕಲ್ಲರಿ ಕುಲ್ಸುಮವ್ವಾ..." ತನ್ನ ದಿನದ ಪ್ರಶ್ನೆ, ಕುಲ್ಸುಮಬಿಯ ವಿಶ್ವಾಸ, ಎರಡೂ ಒಟ್ಟಿಗೆ ಕೈಬಿಟ್ಟು ಹೋಗುತ್ತಿವೆ ಅನ್ನಿಸಿ ನಿರ್ಮಲಾಳ ಕಣ್ಣು ತುಂಬಿದವು.

ಮುತ್ತವ್ವ ಯಾರನ್ನೂ ಕೇಳದೆ ಕೌದಿಯ ಒಂದು ಅಂಚಿಗೆ ಕೂತರು. "ಹಾಡ ಹಾಡಿದವರು ನಿಮ್ಮಪ್ಪಾರ. ಅವರು ಹಾಡದಿದ್ರ ಅದು ರಾಶ್ಯಾಗನ ಸತ್ತು ಹೋಗತಿತ್ತು. ನಾ ಏನೂ ಬೇಡಾಕ ಬಂದಿಲ್ಲ. ಒಂದ ಕೇಳತೇನಿ. ಅವರು ಎರಡ ನುಡಿ ಹಾಡತಿದ್ರು, ಹೌದಿಲ್ಲ? ಮೂರನೇದು ಹಾಡತಿರಲಿಲ್ಲ."

ಕುಲ್ಸುಮಬಿಯ ಸೂಜಿ ನಿಂತಿತು. "ನಿಮಗ ಯಾರ ಹೇಳಿದ್ರು ಮೂರನೇದೈತಿ ಅಂತ?"

ಮುತ್ತವ್ವ ಕೌದಿಯ ಮೇಲೆ ಬೆರಳಿನಿಂದ ತಾಳ ಹಾಕಿ ಹಾಡಿದರು. ಧ್ವನಿ ಮೊದಲು ಒಡೆಯಿತು, ಆಮೇಲೆ ಹದಕ್ಕೆ ಬಂತು.

ಅವ್ವ ಸತ್ತಾ ದಿನವೂ ತುಂಬು ಬಿಡಿಸೇನ ತಂಗಿ
ಅತ್ತೇನಂದರ ನಂಬಲಿಲ್ಲ ಯಾರೂ
ಕಾಯಿಯ ಖಾರಂತ ನಕ್ಕಾರ ಬಾಜೂಕಿನವರು
ನಕ್ಕವರ ಕೂಡ ನಕ್ಕೇನ ನಾನೂ

ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ಅತ್ತೆಯ ತಾಯಿ ಹೇಗೆ ತೀರಿಕೊಂಡರು ಅಂತ ತಾನು ಒಂದು ದಿನವೂ ಕೇಳಿರಲಿಲ್ಲವೆಂಬುದು ನಿರ್ಮಲಾಳಿಗೆ ಆಗ ಹೊಳೆಯಿತು.

ಕುಲ್ಸುಮಬಿ ಎದ್ದು ಬಂದು ಮುತ್ತವ್ವನ ಎರಡೂ ಕೈ ಹಿಡಿದುಕೊಂಡಳು. "ಅಬ್ಬಾ ಹೇಳತಿದ್ರು, ಈ ಪದದ ಕೊನೀ ನುಡಿ ಬ್ಯಾಡಗ್ಯಾಗ ಒಂದು ಹುಡುಗಿ ಹಂತ್ಯಾಕ ಐತಿ ಅಂತ. ಆಕಿ ಹಾಡಿದಾಗ ಇವರಿಗೆ ಅಳು ಬಂದು ಸರಿಯಾಗಿ ಕೇಳಲಿಲ್ಲಂತ. ಮತ್ತ ಕೇಳಾಕ ಹೋದ್ರ ಆಕಿ ಲಗ್ನ ಆಗಿ ಹೋಗಿದ್ಲಂತ. ಹೆಸರೂ ಕೇಳಿರಲಿಲ್ಲ. ಕ್ಯಾಸೆಟ್ಟಿನ ಮಂದಿಗೆ, ಇದು ನಂದಲ್ಲ, ಕಾಯಿ ಬಿಡಸೂ ಹುಡುಗೀದು ಅಂತ ಹೇಳಿದ್ರು. ಅವರು ಯಾಕ ಹಾಕತಾರ! ನಾನೂ ಅದನ್ನ ಯಾರ ಮುಂದೂ ಹೇಳಲಿಲ್ಲಕ್ಕಾ. ಅಬ್ಬಾನ ಹಾಡ ಕಡಿಮಿ ಆಗತೈತಿ ಅಂತ ಹೆದರಿದೆ."

"ಕಡಿಮಿ ಯಾಕ ಆಗತೈತಿ? ಒಂದು ನುಡಿ ಹೆಚ್ಚಾತಲ್ಲ" ಅಂದರು ಮುತ್ತವ್ವ.

ಮೂವರೂ ನಗುತ್ತ ಅಳುತ್ತ ಕೂತರು. ಕುಲ್ಸುಮಬಿ ಮಂಡಕ್ಕಿ ಸುಸಲಾ ಮಾಡಿ, ಮಿರ್ಚಿ ಕರಿದು ತಂದಳು. ಮುಂದಿನ ತಿಂಗಳು ರಾಣೆಬೆನ್ನೂರಿನಲ್ಲಿ ಶಮಶೇರಸಾಬರ ನೆನಪಿನ ಹಾಡಿನ ಕಾರ್ಯಕ್ರಮವಿತ್ತು. "ನೀವು ಬಂದು ಈ ಪದ ಪೂರ್ತಿ ಹಾಡಬೇಕು. ಇಲ್ಲಂದ್ರ ನಾನೂ ಬರೂದಿಲ್ಲ" ಅಂತ ಹಟ ಹಿಡಿದಳು.

ವಾಪಸು ಬರುವ ಬಸ್ಸಿನಲ್ಲಿ ನಿರ್ಮಲಾ ಫೋನು ತೆಗೆದಳು. "ಅತ್ತಿ, ನಾಳೆ ಉತ್ತರ ಹಾಕಲೇನ್ರಿ? ಮಾವಾರು ಬೈತಾರ. ಇವರಂತೂ ಕುಣೀತಾರ."

"ಹಾಕು. ಬರೇ ಮುತ್ತವ್ವ ಅಂತ ಹಾಕಬ್ಯಾಡ. ತುಂಬು ಬಿಡಸೂ ಮುತ್ತವ್ವ ಅಂತ ಹಾಕು."

ಮರುದಿನ ಬೆಳಿಗ್ಗೆ ಉತ್ತರ ಹಾಕಿ ನಿರ್ಮಲಾ ಫೋನನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದಳು. ಅದು ಒಳಗೇ ಟಿಂಗ್ ಟಿಂಗ್ ಅನ್ನುತ್ತ ಮಧ್ಯಾಹ್ನದವರೆಗೂ ಸುಮ್ಮನಾಗಲಿಲ್ಲ. ಶಶಿಕಾಂತ ಊಟಕ್ಕೆ ಬರಲಿಲ್ಲ. ನಾಗಪ್ಪನವರು ಸಿಟ್ಟಾಗಿ ತಮ್ಮ ಕೋಣೆ ಸೇರಿದ್ದರು. ನಿರ್ಮಲಾ ಬುತ್ತಿ ಕಟ್ಟಿಕೊಂಡು ಅಂಗಡಿಗೆ ಹೊರಟಳು. ಏನು ನೋಡಬೇಕಾಗುವುದೋ ಅಂತ ಕಾಲು ಹಿಂದುಮುಂದಾಗುತ್ತಿದ್ದವು.

ಅಂಗಳಕ್ಕೆ ಬರುವ ಮೊದಲೇ ಹಾಡು ಕೇಳಿಸಿತು. ಕೆಂಪು ರಾಶಿಗಳ ಸುತ್ತ ಕೂತ ಹೆಣ್ಣುಮಕ್ಕಳೆಲ್ಲ ಮೂಗಿಗೆ ಸೆರಗು ಕಟ್ಟಿಕೊಂಡೇ ಹಾಡುತ್ತಿದ್ದರು. ಕೈಗಳು ನಿಂತಿರಲಿಲ್ಲ, ತುಂಬು ಮುರಿಯುವ ಚಟ್ ಚಟ್ ಸದ್ದೇ ತಾಳವಾಗಿತ್ತು. ಶಶಿಕಾಂತ ತಕ್ಕಡಿಯ ಪಕ್ಕ ನಿಂತಿದ್ದ.

ಸಣ್ಣಾಕೆ ಇದ್ದಾಗಿನಿಂದ ಬ್ಯಾಡಗಿಯ ಅಂಗಳಗಳಲ್ಲಿ ತುಂಬು ಬಿಡಿಸುತ್ತ ಬಂದ ನಾಗಲಕ್ಷ್ಮಿ ಎಂಬ ಹಿರಿಯ ಹೆಂಗಸು ಕೂತಲ್ಲಿಂದಲೇ ಕೂಗಿದಳು: "ಸಾವಕಾರ್ರ, ಹಾಡ ಬಂದ್ ಅಂದಿದ್ರಿ. ಇದು ನಿಮ್ಮವ್ವಾರ ಹಾಡ. ನಿಲ್ಲಸಬೇಕೇನ್ರಿ?"

ಅಂಗಳ ಘೊಳ್ಳೆಂದಿತು. ಶಶಿಕಾಂತನ ಕಿವಿ ಕೆಂಪಾದವು, ಥೇಟು ಅವನ ಅವ್ವನ ಹಾಗೆ. ಏನೋ ಗದರಲು ಬಾಯಿ ತೆರೆದವನು ಹೆಂಡತಿಯನ್ನು ಕಂಡ. "ಮುಂಜಾನಿಂದ ಫೋನು, ನಿರ್ಮಲಾ. ಹುಬ್ಬಳ್ಳಿಯ ಖರೀದಿದಾರ ಒಬ್ಬಾಂವ, ನಿಮ್ಮ ತಾಯೀನ್ನ ನೋಡಾಕ ಬರತೇನಿ ಅಂದ. ಯಾರೂ ನಗಲಿಲ್ಲ." ಅವನ ದನಿ ತಗ್ಗಿತು. "ಅವ್ವ ಎಲ್ಲಿ ಕುಂದರತಿದ್ಲು ಅಂತ ನಾಗಲಕ್ಷ್ಮೀನ ಕೇಳಿದೆ. ಎದುರಿನ ಹಳೇ ಅಂಗಳದಾಗಂತ. ದಿನಾ ಅದನ್ನ ದಾಟಿ ಬರತೇನಿ."

"ಉಣ್ರಿ, ಆರತೈತಿ" ಅಂದಳು ನಿರ್ಮಲಾ.

"ಹಾಡಲಿ ಅಂತ ಹೇಳು ಅವರಿಗೆ."

"ನೀವ ಹೇಳ್ರಿ. ಬ್ಯಾಡ ಅಂದವರು ನೀವು."

ಶಶಿಕಾಂತ ಬುತ್ತಿ ಹಿಡಿದುಕೊಂಡೇ ರಾಶಿಯ ಹತ್ತಿರ ಹೋದ. "ಹಾಡ್ರಿ" ಅಂದ. ಅಷ್ಟು ಹೇಳಿ, ಇನ್ನೂ ಏನೋ ಹೇಳಬೇಕು ಅನ್ನಿಸಿತೇನೋ, "ಗಟ್ಟಿಯಾಗಿ ಹಾಡ್ರಿ" ಅಂದ. ಅಂಗಳ ಮತ್ತೆ ನಕ್ಕಿತು.

ನಾಗಪ್ಪನವರದು ಮಾತ್ರ ಕರಗದ ಸಿಟ್ಟು. ರಾಣೆಬೆನ್ನೂರಿಗೆ ಬರುವುದಿಲ್ಲ ಅಂದರು, ಹೋಗಬೇಡ ಅಂದರು. "ಈ ವಯಸ್ಸಿನ್ಯಾಗ ಸ್ಟೇಜಿನ ಮ್ಯಾಲೆ ಕುಂದರತೀಯೇನ? ಬೀಗರು ನೋಡಿದ್ರ ಏನಂದಾರು?"

"ಬೀಗರಿಗೆ ಮುಂದಿನ ಸಾಲಿನ್ಯಾಗ ಕುರ್ಚಿ ಹಾಕಸ್ತೇನಿ" ಅಂದರು ಮುತ್ತವ್ವ. ಮನೆಯಲ್ಲಿ ಈಗ ಬೆಳಿಗ್ಗೆ ಎದ್ದರೆ ಅವರದೇ ತಾಲೀಮು. ಹಿಟ್ಟು ನಾದುವಾಗ ಹಾಡು, ಹಿತ್ತಲು ಬಳಿಯುವಾಗ ಹಾಡು. ಶ್ರೀದೇವಿ ರೆಕಾರ್ಡು ಮಾಡುವಳು, ನಿರ್ಮಲಾ ಶುಂಠಿ ಜಜ್ಜಿ ಕೊಡುವಳು. ರೊಟ್ಟಿ ಮೊದಲಿಗಿಂತ ಹೆಚ್ಚು ಸೀಯುತ್ತಿದ್ದವು, ಅದರ ಮಾತು ಎತ್ತುವವರು ಯಾರೂ ಉಳಿದಿರಲಿಲ್ಲ. ನಾಗಪ್ಪ ಸೀದ ರೊಟ್ಟಿಯನ್ನು ಹಾಲಿನಲ್ಲಿ ಅದ್ದಿ ಮುಖ ಗಂಟು ಹಾಕಿಕೊಂಡೇ ತಿನ್ನುತ್ತಿದ್ದರು.

ಕಾರ್ಯಕ್ರಮದ ದಿನ ಶಶಿಕಾಂತ ಎರಡು ಟೆಂಪೊ ಮಾಡಿಸಿದ. ಒಂದರಲ್ಲಿ ಮನೆಯವರು, ಇನ್ನೊಂದರಲ್ಲಿ ಅಂಗಳದ ಹೆಣ್ಣುಮಕ್ಕಳು. ಅವರೆಲ್ಲ ಹೊಸ ಸೀರೆ ಉಟ್ಟಿದ್ದರೂ ಬೆರಳುಗಳು ಮಾತ್ರ ಕೆಂಪಗೇ ಇದ್ದವು. ಗಾಡಿ ಹೊರಡುವ ಹೊತ್ತಿಗೆ ನಾಗಪ್ಪ ಟೊಪ್ಪಿಗೆ ಹಾಕಿಕೊಂಡು ಹೊರಗೆ ಬಂದರು. "ನನಗ ರಾಣೆಬೆನ್ನೂರಾಗ ಬ್ಯಾರೆ ಕೆಲಸ ಐತಿ" ಅಂದು ಡ್ರೈವರನ ಪಕ್ಕ ಹತ್ತಿ ಕೂತರು. ಏನು ಕೆಲಸ ಅಂತ ಯಾರೂ ಕೇಳುವ ಗೋಜಿಗೆ ಹೋಗಲಿಲ್ಲ.

ಸಭಾಭವನ ತುಂಬಿ ಬಾಗಿಲಲ್ಲೂ ಮಂದಿ ನಿಂತಿದ್ದರು. ಗುಂಪಿನವರೆಲ್ಲ ನಿರ್ಮಲಾಳನ್ನು ಹುಡುಕಿಕೊಂಡು ಬಂದರು. ಕಂಡಕ್ಟರು, ಮಾಸ್ತರು, ದಾವಣಗೆರೆಯ ಹೆಣ್ಣುಮಕ್ಕಳು. ಇಷ್ಟು ದಿನ ಬರೀ ಹೆಸರುಗಳಾಗಿದ್ದವರಿಗೆ ಈಗ ಮುಖ ಬಂದಿತ್ತು. ಕುಲ್ಸುಮಬಿ ವೇದಿಕೆಯ ಮೇಲೆ ಮುತ್ತವ್ವನ ಪಕ್ಕ, ಕೈಯಿಂದ ಬಡಿಯುವ ದಮ್ಮಡಿ ಹಿಡಿದು ಕೂತಳು. ಮೈಕಿನ ಮುಂದೆ ಮುತ್ತವ್ವನಿಗೆ ಮೊದಲ ಶಬ್ದವೇ ಮರೆತುಹೋಯಿತು. ನಿರ್ಮಲಾ ಕುರ್ಚಿಯ ತುದಿಗೆ ಜರುಗಿದಳು. ಆಗ ಅಂಗಳದ ಹೆಣ್ಣುಮಕ್ಕಳ ಸಾಲಿನಿಂದ ನಾಗಲಕ್ಷ್ಮಿ ಮೊದಲ ಶಬ್ದ ಎತ್ತಿಕೊಟ್ಟಳು, "ಕೆಂಪಾನ..." ಮುತ್ತವ್ವ ಅದನ್ನು ಹಿಡಿದರು. ಮತ್ತೆ ಬಿಡಲಿಲ್ಲ. ಮೂರನೆಯ ನುಡಿ ಬಂದಾಗ ಮಂದಿ ಎದ್ದು ನಿಂತಿದ್ದರು. ಶಶಿಕಾಂತ ತಲೆ ಬಗ್ಗಿಸಿ ಕರವಸ್ತ್ರ ಹುಡುಕುತ್ತಿದ್ದ. ಮುಗಿದ ಮೇಲೆ ಬಿದ್ದ ಚಪ್ಪಾಳೆಗೆ ಭವನದ ತಗಡು ಹಾರಿಹೋಗಬೇಕು, ಹಾಗಿತ್ತು.

ಮುತ್ತವ್ವ ಕೈ ಮುಗಿದು ಇಳಿಯಬೇಕಿತ್ತು. ಇಳಿಯಲಿಲ್ಲ. ಮೈಕನ್ನು ಇನ್ನೂ ಹತ್ತಿರ ಎಳೆದುಕೊಂಡು, "ಇನ್ನೊಂದೈತಿ, ಹಾಡಲೇನ?" ಅಂದರು. ಮಂದಿ ಹೋ ಅಂದಿತು. ಕುಲ್ಸುಮಬಿ ಏನೂ ಗೊತ್ತಿಲ್ಲದೆಯೇ ದಮ್ಮಡಿಗೆ ಕೈ ಹಾಕಿದಳು. ಹಾಡು ಶುರುವಾಯಿತು. ದುಃಖದ್ದಲ್ಲ, ಕುಣಿಸುವಂಥದ್ದು.

ನಾಗಪ್ಪ ಸೊಸೆಯ ಕಡೆ ಬಾಗಿದರು. "ಇದು ಯಾವ ಹಾಡವಾ?"

"ಗೊತ್ತಿಲ್ರಿ ಮಾವಾರ."

"ನಿನಗ ಎಲ್ಲಾ ಹಾಡಿಂದೂ ಗೊತ್ತಿರತೈತಲ್ಲ?"

"ಇದು ಗೊತ್ತಿಲ್ರಿ. ಈಗ ಕಟ್ಟಾಕತ್ತಾರ ಅನಸ್ತೈತಿ."

ನಾಗಪ್ಪ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ತಡಿ, ಮಾತಾಡಬ್ಯಾಡ. ಕೇಳೂಣು" ಅಂದರು.